ಅಂಗಡಿಯ ಚೀಟಿಯಲ್ಲಿ ಇರುವುದು, ಇಲ್ಲದ್ದು

ಗಣಕ ಪ್ರಶ್ನೋತ್ತರ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು. ಮದುವೆ, ಉಪನಯನಗಳ ವಿಡಿಯೋ ಮಾಡಿಕೊಡುವುದು ನನ್ನ ಕಸುಬು. ಮೇಳಗಳು ಹೊರಟಲ್ಲಿಂದ ಅವುಗಳ ತಿರುಗಾಟ ಮುಗಿಯುವ ಪತ್ತನಾಜೆಯ ತನಕ ತಿಂಗಳಿಗೆ ಮೂರು ನಾಲ್ಕು ಯಕ್ಷಗಾನ ಪ್ರದರ್ಶನಗಳ ಚಿತ್ರೀಕರಣವೂ ಸಿಗುತ್ತದೆ. ಮುಖ್ಯ ಕ್ಯಾಮೆರಾದಲ್ಲಿ 4ಕೆ, 10 ಬಿಟ್, 4:2:2, ಎಚ್.265 ಎಂಬ ಆಯ್ಕೆಯಲ್ಲಿ 100 ಎಂಬಿಪಿಎಸ್ ದರದಲ್ಲಿ ಚಿತ್ರೀಕರಿಸುತ್ತೇನೆ. ಇಡೀ ರಂಗಸ್ಥಳ ಕಾಣುವಂತೆ ಇನ್ನೊಂದು ಕಡೆ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಇಡುತ್ತೇನೆ. ಈಗಿರುವ ಕಂಪ್ಯೂಟರಿಗೆ ಎಂಟು ವರ್ಷವಾಗಿದ್ದು, ಈ ಕ್ಲಿಪ್ಪುಗಳನ್ನು ಹಾಕಿದ ಕೂಡಲೇ ಅದು ನಿಂತುಬಿಡುತ್ತದೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತಮ್ಮ ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನಿಗೆ ಗೇಮ್ ಆಡಲೂ ಆಗಬೇಕು. ಮಾನಿಟರ್ ಬಿಟ್ಟು ಒಂದು ಲಕ್ಷ ರೂಪಾಯಿ ಹೊಂದಿಸಿದ್ದೇನೆ. ಅಂಗಡಿಯವರು ಬರೆದುಕೊಟ್ಟ ಕೊಟೇಶನ್ ಚೀಟಿಯನ್ನು ಜತೆಗೆ ಕಳುಹಿಸಿದ್ದೇನೆ. ಇದು ಸಾಕೇ, ಅಥವಾ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ನಿಮ್ಮ ಚೀಟಿಯಲ್ಲಿ ಇರುವುದನ್ನು ಇತರ ಓದುಗರಿಗಾಗಿ ಹೇಳುತ್ತೇನೆ. ಇಂಟೆಲ್ ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, ಒಂದೇ ಸ್ಟಿಕ್ಕಿನ 16 ಜಿಬಿ ಡಿಡಿಆರ್4 ರ‍್ಯಾಮ್, 8 ಜಿಬಿಯ ಆರ್‌ಟಿಎಕ್ಸ್ 5060 ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ನಾಲ್ಕು ಬಣ್ಣದ ಫ್ಯಾನುಗಳಿರುವ ಗಾಜಿನ ಕ್ಯಾಬಿನೆಟ್, ಅದರ ‘ಜತೆಗೆ’ 500 ವ್ಯಾಟಿನ ಎಸ್‌ಎಂಪಿಎಸ್ (ಒಳಗಿನ ಬಿಡಿಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), ಕೊನೆಗೆ 600 ವಿಎ ಯುಪಿಎಸ್. ಬರೆದವರು ಮೋಸ ಮಾಡಿದ್ದಾರೆಂದು ನನಗೆ ಅನಿಸುವುದಿಲ್ಲ. ಆದರೆ ಈ ಚೀಟಿ ನಿಮ್ಮ ತಮ್ಮನಿಗೆ ಬರೆದದ್ದು, ನಿಮಗೆ ಬರೆದದ್ದಲ್ಲ. ಗೇಮ್ ಆಡುವವನ ಕಂಪ್ಯೂಟರಿನಲ್ಲಿ ಹೆಚ್ಚಿನ ಭಾರವನ್ನು ಗ್ರಾಫಿಕ್ಸ್ ಕಾರ್ಡ್ ಹೊರುತ್ತದೆ. ಉಳಿದವು ಅದಕ್ಕೆ ಅಡ್ಡಿಯಾಗದಿದ್ದರೆ ಸಾಕು. ವಿಡಿಯೋ ಎಡಿಟಿಂಗಿನಲ್ಲಿ ಭಾರ ಒಂದು ಕಡೆ ನಿಲ್ಲುವುದಿಲ್ಲ. ಕ್ಲಿಪ್ಪನ್ನು ಓಡಿಸುವಾಗ ಒಂದು ಬಿಡಿಭಾಗ, ಬಣ್ಣ ತಿದ್ದುವಾಗ ಇನ್ನೊಂದು, ಕೊನೆಗೆ ಸಿದ್ಧ ವಿಡಿಯೋ ಫೈಲನ್ನು ತೆಗೆಯುವಾಗ, ಅಂದರೆ ರೆಂಡರ್ ಮಾಡುವಾಗ, ಮತ್ತೊಂದು ಬಿಡಿಭಾಗವು ಎಲ್ಲವನ್ನೂ ಕಾಯಿಸುತ್ತದೆ. ಆದುದರಿಂದ ಕಾರ್ಡಿನಿಂದ ಲೆಕ್ಕ ಶುರುಮಾಡದೆ ನಿಮ್ಮ ಕ್ಯಾಮೆರಾ ಕೊಡುವ ಫೈಲಿನಿಂದ ಶುರುಮಾಡೋಣ.

4:2:2 ಎಂದರೆ ಚಿತ್ರದ ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ಅಡ್ಡಸಾಲಿನಲ್ಲಿ ಅರ್ಧಕ್ಕೆ ಇಳಿಸಿದ್ದು ಎಂದರ್ಥ. ಸಾಮಾನ್ಯ ಮೊಬೈಲಿನ 4:2:0 ರೂಪದಲ್ಲಿ ಅದು ಕಾಲುಭಾಗಕ್ಕೆ ಇಳಿದಿರುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖವನ್ನು ಹತ್ತಿರದಿಂದ ತೆಗೆದಾಗ, ಕೆಂಪು ಬಳಿದ ಕೆನ್ನೆಯ ಪಕ್ಕದಲ್ಲಿ ಬಿಳಿ ಚುಟ್ಟಿಯ ಸಾಲು ಸಾಲು ಮುಳ್ಳುಗಳಿರುವಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ: 4:2:0ರಲ್ಲಿ ಕೆಂಪು ಬಿಳಿಯ ಒಳಗೆ ಸ್ವಲ್ಪ ಹರಡಿದಂತೆ ಕಂಡರೆ 4:2:2ರಲ್ಲಿ ಅಂಚು ಅಂಚಾಗಿಯೇ ಉಳಿಯುತ್ತದೆ. ಆದುದರಿಂದ ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. ಎಚ್.265ರಲ್ಲಿ ಕುಗ್ಗಿಸಿದ ಇಂಥ ಫೈಲನ್ನು ಬಿಡಿಸಿ ಓದುವುದಕ್ಕೆ ಪ್ರತ್ಯೇಕ ಯಂತ್ರಾಂಗ ಬೇಕಾಗುತ್ತದೆ. ಅದು ಇಲ್ಲದಿದ್ದರೆ ಪ್ರೊಸೆಸರ್ ತನ್ನ ಸಾಮಾನ್ಯ ಶಕ್ತಿಯಿಂದಲೇ ಪ್ರತಿಯೊಂದು ಫ್ರೇಮನ್ನೂ ಬಿಡಿಸಬೇಕು. ನಿಮ್ಮ ಹಳೆಯ ಕಂಪ್ಯೂಟರ್ ನಿಂತುಬಿಡುವುದು ಇದೇ ಕಾರಣಕ್ಕೆ.

ಆ ಯಂತ್ರಾಂಗ ಎರಡು ಕಡೆ ಸಿಗುತ್ತದೆ. ಇಂಟೆಲ್ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲಿ ‘ಕ್ವಿಕ್ ಸಿಂಕ್’ ಎಂಬ ಹೆಸರಿನಲ್ಲಿ ಅದಿದೆ. ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 11ನೇ ತಲೆಮಾರಿನಿಂದ (ಚೀಟಿಯ 12400 ಎಂಬುದು 12ನೆಯದು) ಅದು ಎಚ್.265ರ 10 ಬಿಟ್ 4:2:2 ಫೈಲುಗಳನ್ನು ಓದುತ್ತದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 4:2:2 ಬಂದದ್ದು 2025ರ 50 ಸರಣಿಯಿಂದ; ಚೀಟಿಯಲ್ಲಿರುವ 5060 ಈ ಸರಣಿಯದ್ದೇ. 30 ಮತ್ತು 40 ಸರಣಿಯ ಕಾರ್ಡುಗಳು, ಎಷ್ಟೇ ದುಬಾರಿಯಾಗಿದ್ದರೂ, ಈ ಕೆಲಸದಲ್ಲಿ ನೆರವಾಗುವುದಿಲ್ಲ.

ಈಗ ಚೀಟಿಯ ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. 12400ರ ಮುಂದೆ ‘ಎಫ್’ ಎಂಬ ಒಂದು ಅಕ್ಷರವಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಆ ಅಕ್ಷರದ ಅರ್ಥ, ಒಳಗಿನ ಗ್ರಾಫಿಕ್ಸ್ ಭಾಗವನ್ನು ಬಂದ್ ಮಾಡಲಾಗಿದೆ ಎಂದು. ಗ್ರಾಫಿಕ್ಸ್ ಭಾಗದ ಜತೆಗೆ ಕ್ವಿಕ್ ಸಿಂಕ್ ಕೂಡ ಹೋಗುತ್ತದೆ. ಗೇಮ್ ಆಡುವವನಿಗೆ ಅದರಿಂದ ನಷ್ಟವಿಲ್ಲ, ಉಳಿಯುವ ಹಣ ಲಾಭವೇ. ಕ್ಯಾಮೆರಾ ಫೈಲುಗಳ ಜತೆ ದಿನ ಕಳೆಯುವವರು ಮಾತ್ರ ಆ ಸಣ್ಣ ಮೊತ್ತವನ್ನು ಉಳಿಸಬಾರದು. ನೀವು 50 ಸರಣಿಯ ಕಾರ್ಡನ್ನೇ ತೆಗೆದುಕೊಳ್ಳುವುದರಿಂದ ಓದುವ ಕೆಲಸ ಹೇಗೂ ನಡೆದೀತು ಎಂದು ಅಂಗಡಿಯವರು ಹೇಳಬಹುದು, ಅದು ನಿಜವೂ ಹೌದು. ಆದರೂ ಎಫ್ ಇಲ್ಲದ್ದನ್ನೇ ಕೇಳಿ ಎನ್ನುವುದಕ್ಕೆ ನನ್ನದೇ ಅನುಭವವೊಂದು ಕಾರಣ. ಕಳೆದ ವರ್ಷ ನನ್ನ ಕಾರ್ಡ್ ವಾರಂಟಿಯ ಅವಧಿಯಲ್ಲಿಯೇ ಕೆಟ್ಟಿತು; ಸರ್ವಿಸ್ ಸೆಂಟರಿಗೆ ಹೋದದ್ದು ಹಿಂದೆ ಬರಲು 26 ದಿನ ಹಿಡಿಯಿತು. ಕಾಸರಗೋಡಿನಂಥ ಊರಿನಿಂದ ಬಿಡಿಭಾಗ ಕಳುಹಿಸಿದವರಿಗೆ ಇದು ಹೊಸ ಕಥೆಯೇನಲ್ಲ. ಆ ದಿನಗಳಲ್ಲಿ ಮಾನಿಟರಿನ ವಯರನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ ಸಾಮಾನ್ಯ ಕತ್ತರಿಸುವ, ಜೋಡಿಸುವ ಕೆಲಸಗಳನ್ನೆಲ್ಲ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಿಂದಲೇ ನಡೆಸಿದೆ. ಎಫ್ ಇದ್ದಿದ್ದರೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ.

ಪ್ರೊಸೆಸರಿನ ಒಳಗಿನ ಕೆಲಸದ ಘಟಕ ಕೋರ್, ಅದು ಏಕಕಾಲಕ್ಕೆ ನಡೆಸುವ ಕೆಲಸದ ಸಾಲು ಥ್ರೆಡ್. 12400ರಲ್ಲಿ 6 ಕೋರ್, 12 ಥ್ರೆಡ್‌ಗಳಿವೆ. ಐ5-13400 ಅಥವಾ 14400ರಲ್ಲಿ 10 ಕೋರ್, 16 ಥ್ರೆಡ್‌ಗಳಿವೆ. ನೀವು ಕೊಳ್ಳುವ ದಿನ ಬೆಲೆಯ ವ್ಯತ್ಯಾಸ ಸಣ್ಣದಾಗಿದ್ದರೆ ಮೇಲಿನದ್ದನ್ನು ತೆಗೆದುಕೊಳ್ಳಿ, ದೊಡ್ಡದಾಗಿದ್ದರೆ 12400ರಲ್ಲಿಯೇ ನಿಲ್ಲಿ. ಎಎಂಡಿಯ ರೈಜೆನ್ 5 7600 ಕೂಡ ಒಳ್ಳೆಯ ಪ್ರೊಸೆಸರೇ. ಅದು ಕೂರುವ ಎಎಂ5 ಸಾಕೆಟ್ಟಿಗೆ 2027ರ ತನಕ ಮತ್ತು ಅದರಾಚೆಗೂ ಹೊಸ ಪ್ರೊಸೆಸರುಗಳು ಬರುತ್ತವೆಂದು ಎಎಂಡಿ ಹೇಳಿದೆ. ಇಂಟೆಲಿನ ಎಲ್‌ಜಿಎ 1700 ಸಾಕೆಟ್ಟು 14ನೇ ತಲೆಮಾರಿಗೆ ಮುಗಿಯಿತು. ಆದರೆ ಎಎಂ5ಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಸುತ್ತದೆ. ಎಂಟು ವರ್ಷ ಒಂದೇ ಕಂಪ್ಯೂಟರನ್ನು ನಡೆಸಿದವರು ನೀವು. ಮೂರು ವರ್ಷಕ್ಕೆ ಪ್ರೊಸೆಸರ್ ಬದಲಾಯಿಸುವ ಜಾತಿಯವರಂತೆ ಕಾಣುವುದಿಲ್ಲವಾದುದರಿಂದ ಸಾಕೆಟ್ಟಿನ ಭವಿಷ್ಯಕ್ಕಾಗಿ ಈಗ ಹೆಚ್ಚು ತೆರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ರ‍್ಯಾಮಿನ ವಿಷಯದಲ್ಲಿ ಚೀಟಿಗೆ ನನ್ನ ತಕರಾರು ದೊಡ್ಡದು. 16 ಜಿಬಿ ಗೇಮಿಗೆ ನಡೆಯುತ್ತದೆ. ಎರಡು ಕ್ಯಾಮೆರಾಗಳ ಕ್ಲಿಪ್ಪುಗಳನ್ನು ಜೋಡಿಸುವ 4ಕೆ ಟೈಮ್‌ಲೈನಿಗೆ 32 ಜಿಬಿ ಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಅದು ಎರಡು ಸ್ಟಿಕ್ಕುಗಳಲ್ಲಿ ಇರಬೇಕು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿಯನ್ನು ಸಾಗಿಸಬಲ್ಲದು. ಎರಡು ಸ್ಟಿಕ್ಕುಗಳನ್ನು ಸರಿಯಾದ ಎರಡು ಸ್ಲಾಟುಗಳಲ್ಲಿ ಹಾಕಿದಾಗ ಎರಡು ದಾರಿಗಳು ಒಟ್ಟಿಗೆ ತೆರೆದು ಅದು 51.2 ಜಿಬಿ ಆಗುತ್ತದೆ. ಹೆಚ್ಚಿನ ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಆ ಸ್ಲಾಟುಗಳು ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು. ಒಟ್ಟೊಟ್ಟಿಗೆ ಇರುವ ಎರಡು ಸ್ಲಾಟುಗಳಿಗೆ ಹಾಕಿ, ಒಂದೇ ದಾರಿಯಲ್ಲಿ ವರ್ಷಗಟ್ಟಲೆ ಓಡುತ್ತಿದ್ದ ಕಂಪ್ಯೂಟರುಗಳನ್ನು ನಾನು ನೋಡಿದ್ದೇನೆ. 2025ರ ಕೊನೆಯ ತಿಂಗಳುಗಳಿಂದ, ಎಐ ಡೇಟಾ ಸೆಂಟರುಗಳು ಮೆಮೊರಿಯನ್ನು ಎಳೆದುಕೊಳ್ಳಲು ಶುರುಮಾಡಿದ ಮೇಲೆ, ರ‍್ಯಾಮಿನ ಬೆಲೆ ವಿಪರೀತ ಏರಿರುವುದು ನಿಮಗೂ ಗೊತ್ತಿರಬಹುದು. ಹಣ ಉಳಿಸಬೇಕಾದರೆ ಬಣ್ಣದ ಫ್ಯಾನುಗಳಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ.

ಎಚ್610 ಮದರ್‌ಬೋರ್ಡಿನಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು. ಮುಂದೆ ಸೇರಿಸಬೇಕಾದರೆ ಹಳೆಯದನ್ನು ತೆಗೆದಿಡಬೇಕು. ನಾಲ್ಕು ಸ್ಲಾಟುಗಳಿರುವ, ಎಸ್‌ಎಸ್‌ಡಿ ಕೂರುವ ಎರಡು ಎಂ.2 ಜಾಗಗಳಿರುವ ಬಿ760 ಬೋರ್ಡ್ ಕೇಳಿ. ಅದರಲ್ಲಿಯೂ ಡಿಡಿಆರ್4ಕ್ಕೆ ಬೇರೆ, ಡಿಡಿಆರ್5ಕ್ಕೆ ಬೇರೆ ಬೋರ್ಡುಗಳಿವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲವಾದುದರಿಂದ ಬಿಲ್ ಮಾಡಿಸುವ ಮೊದಲು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ.

ಇನ್ನು ನೀವು ಕೇಳಿದ ಗ್ರಾಫಿಕ್ಸ್ ಕಾರ್ಡ್. ಮದುವೆಯ ವಿಡಿಯೋಗಳನ್ನಷ್ಟೇ ಮಾಡುವವರಾದರೆ 8 ಜಿಬಿಯ 5060 ಸಾಕು ಎಂದು ಬರೆದು ಮುಗಿಸುತ್ತಿದ್ದೆ. ಬಯಲಿನ ರಂಗಸ್ಥಳದ ಸಂಗತಿ ಬೇರೆ. ಮುಂದೆ ನಾಲ್ಕು ದೀಪ, ಹಿಂದೆ ಕತ್ತಲೆ. ವೇಷದ ಮುಖ ಸರಿಯಾಗಿ ಕಂಡರೆ ಹಿನ್ನೆಲೆಯಲ್ಲಿ ಕಾಳು ಕಾಳು. ಆ ಕಾಳನ್ನು ತೆಗೆಯುವ ನಾಯ್ಸ್ ರಿಡಕ್ಷನ್ ಎಂಬುದು ಒಂದು ಫ್ರೇಮನ್ನು ಅದರ ಹಿಂದಿನ, ಮುಂದಿನ ಫ್ರೇಮುಗಳ ಜತೆ ಹೋಲಿಸಿ ನೋಡುವ ಕೆಲಸವಾದುದರಿಂದ ಹಲವು 4ಕೆ ಚಿತ್ರಗಳು ಏಕಕಾಲಕ್ಕೆ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕಾಗುತ್ತದೆ. 8 ಜಿಬಿ ತುಂಬಿದಾಗ ಕೆಲಸ ನಿಧಾನವಾಗುವುದಷ್ಟೇ ಅಲ್ಲ, ಮೆಮೊರಿ ಸಾಲದೆಂಬ ಸಂದೇಶದೊಡನೆ ರೆಂಡರ್ ನಡುವೆಯೇ ನಿಂತುಹೋಗುವುದೂ ಉಂಟು. ಆದುದರಿಂದ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ನನ್ನ ಸಲಹೆ. ಎಚ್ಚರಿಕೆ: ಅದೇ ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಮಾರಾಟಕ್ಕಿದೆ. ಪೆಟ್ಟಿಗೆ ನೋಡಲು ಒಂದೇ ಬಗೆಯದು, ಮೂಲೆಯಲ್ಲಿರುವ ಅಂಕಿ ಮಾತ್ರ ಬೇರೆ. ಇಡೀ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಈ ಒಂದು ಕಾರ್ಡಿಗೆ ಹೋಗುವಂತಿದ್ದರೆ ಮಾತ್ರ 5060ಕ್ಕೆ ಇಳಿದು, ಟೈಮ್‌ಲೈನನ್ನು 1080ಪಿಯಲ್ಲಿ ಇಟ್ಟುಕೊಂಡು ಕೆಲಸ ಮಾಡಿ. ರ‍್ಯಾಮಿನಿಂದ ಕಿತ್ತು ಕಾರ್ಡಿಗೆ ಹಾಕಬೇಡಿ.

ಸಾಫ್ಟ್‌ವೇರ್ ಯಾವುದೆಂದು ನೀವು ಬರೆದಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ 3840×2160 ಗಾತ್ರದ ತನಕ ಸೆಕೆಂಡಿಗೆ 60 ಫ್ರೇಮಿನ ವಿಡಿಯೋ ಮಾಡಬಹುದು. ಆದರೆ ಮೇಲೆ ಹೇಳಿದ ನಾಯ್ಸ್ ರಿಡಕ್ಷನ್ ಇರುವುದು 295 ಡಾಲರ್ ಬೆಲೆಯ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಅದು ಒಮ್ಮೆ ಕೊಂಡರೆ ಮುಗಿಯಿತು, ಪ್ರೀಮಿಯರ್‌ನಂತೆ ತಿಂಗಳ ಬಾಡಿಗೆಯಿಲ್ಲ. ಕಂಪ್ಯೂಟರ್ ಕೊಳ್ಳುವ ಮೊದಲೇ ಸ್ನೇಹಿತರ ಯಂತ್ರದಲ್ಲಿ ಉಚಿತ ಆವೃತ್ತಿ ಹಾಕಿ, ನಿಮ್ಮ ಕ್ಯಾಮೆರಾದ ಒಂದು ಮೂಲ ಕ್ಲಿಪ್ಪನ್ನು ತೆರೆದು ನೋಡಿ; ಅದು ತೆರೆಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಬಜೆಟ್ಟಿನಲ್ಲಿ ಆ ಮೊತ್ತವನ್ನು ತೆಗೆದಿಡಬೇಕೇ ಎಂಬುದು ತೀರ್ಮಾನವಾಗುತ್ತದೆ. ಯಾವ ಸಾಫ್ಟ್‌ವೇರ್ ಆದರೂ ‘ಪ್ರಾಕ್ಸಿ’ ಎಂಬ ಸೌಲಭ್ಯವನ್ನು ರೂಢಿ ಮಾಡಿಕೊಳ್ಳಿ: ಮೂಲ ಫೈಲಿನ ಸಣ್ಣ ಪ್ರತಿಯನ್ನು ರಾತ್ರಿ ತಯಾರಿಸಲು ಹಚ್ಚಿ, ಬೆಳಗ್ಗೆ ಆ ಪ್ರತಿಯ ಮೇಲೆ ಎಡಿಟ್ ಮಾಡಿ, ಕೊನೆಯ ರೆಂಡರಿಗೆ ಮೂಲವನ್ನೇ ಬಳಸುವ ಕ್ರಮವದು.

ಮೊಬೈಲಿನ ಬಗ್ಗೆ ಒಂದು ಮಾತು. ಹೆಚ್ಚಿನ ಮೊಬೈಲುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು ಏರಿಳಿಸುತ್ತವೆ. ಇದರಿಂದ ಒಂದು ಗಂಟೆ ಕಳೆಯುವಷ್ಟರಲ್ಲಿ ಚಿತ್ರವೂ ಧ್ವನಿಯೂ ಬೇರೆ ಬೇರೆಯಾಗಿ, ಕೋಲು ಚೆಂಡೆಯ ಮೇಲೆ ಬೀಳುವ ಮೊದಲೇ ಪೆಟ್ಟು ಕೇಳಿಸುವ ಪ್ರಸಂಗ ಬರುತ್ತದೆ. ಯಾವ ಪ್ರೊಸೆಸರೂ ಅದನ್ನು ಸರಿಮಾಡದು. ಸ್ಥಿರ ಫ್ರೇಮ್ ದರಕ್ಕೆ ಬದಲಾಯಿಸಿಕೊಂಡೇ ಆ ಫೈಲನ್ನು ಟೈಮ್‌ಲೈನಿಗೆ ಹಾಕಿ.

ಸಂಗ್ರಹದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 100 ಎಂಬಿಪಿಎಸ್ ಎಂಬಲ್ಲಿ ಇರುವುದು ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ನಾಲ್ಕು ಗಂಟೆಯ ಕಾಲಮಿತಿ ಪ್ರದರ್ಶನಕ್ಕೆ 180 ಜಿಬಿ. ಮೊಬೈಲಿನದ್ದು ಅದರ ಅರ್ಧವೆಂದು ಹಿಡಿದರೂ ಒಂದು ಆಟಕ್ಕೆ ಒಟ್ಟು 270 ಜಿಬಿ. ಚೀಟಿಯಲ್ಲಿರುವ 512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಸಾಫ್ಟ್‌ವೇರ್‌ಗಳು ಮತ್ತು ತಮ್ಮನ ಒಂದೆರಡು ಗೇಮುಗಳು ಕೂತ ಮೇಲೆ ಈ ಒಂದು ಆಟಕ್ಕೂ ಜಾಗವಿರದು. ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ಬರೆಯುವ ವೇಗವೂ ಕುಸಿಯುತ್ತದೆ. ಐದರಲ್ಲಿ ಒಂದು ಪಾಲು ಯಾವಾಗಲೂ ಖಾಲಿ ಇರಲಿ. ಆದುದರಿಂದ ಎಂ.2 ಜಾಗದಲ್ಲಿ ಕೂರುವ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಕನಿಷ್ಠ ಅಗತ್ಯ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3,500 ಎಂಬಿ ಎಂದಿದ್ದರೂ 7,000 ಎಂಬಿ ಎಂದಿದ್ದರೂ ನಿಮ್ಮ ಕೆಲಸದಲ್ಲಿ ವ್ಯತ್ಯಾಸ ತಿಳಿಯದು, ಏಕೆಂದರೆ ನಿಮ್ಮ ಎರಡು ಕ್ಲಿಪ್ಪುಗಳು ಕೂಡಿ ಕೇಳುವುದು ಇಪ್ಪತ್ತು ಎಂಬಿಯ ಆಸುಪಾಸಿನಲ್ಲಿ. ವೇಗದ ಅಂಕಿಗೆ ಕೊಡುವ ಹಣವನ್ನು ಗಾತ್ರಕ್ಕೆ ಕೊಡಿ. ಎಡಿಟ್ ಮುಗಿದ ಫೈಲುಗಳಿಗೆ 4 ಟಿಬಿಯ ಹಾರ್ಡ್ ಡಿಸ್ಕ್ ಹಾಕಿದರೆ ಹದಿನಾಲ್ಕು ಆಟಗಳು ಹಿಡಿಸುತ್ತವೆ. ಅದರ ಇನ್ನೊಂದು ಪ್ರತಿ ಕಂಪ್ಯೂಟರಿನ ಹೊರಗೆ ಇರಬೇಕು. ಭಾಗವತರು ಎರಡು ವರ್ಷದ ಬಳಿಕ ಫೋನ್ ಮಾಡಿ ಆ ದಿನದ ಪದ್ಯ ಕೇಳಿದಾಗ ಡಿಸ್ಕ್ ಹಾಳಾಯಿತೆಂದು ಹೇಳುವುದು ನಾಚಿಕೆಯ ಸಂಗತಿ.

ಎಸ್‌ಎಂಪಿಎಸ್ ಮತ್ತು ಯುಪಿಎಸ್ ಬಗ್ಗೆ ಚೀಟಿ ಬರೆದವರು ಯೋಚನೆಯನ್ನೇ ಮಾಡಿಲ್ಲ. ನಮ್ಮ ಊರಿನಲ್ಲಿ ಕಂಪ್ಯೂಟರನ್ನು ಕೊಲ್ಲುವುದು ಗೇಮ್ ಅಲ್ಲ, ಕರೆಂಟು. ಸಂಜೆಯಾದರೆ ವೋಲ್ಟೇಜ್ ಇಳಿಯುತ್ತದೆ; ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ತುಲಾ ಮಾಸದ ಮಳೆಯಲ್ಲಿ ಸಿಡಿಲು. ಕ್ಯಾಬಿನೆಟ್ಟಿನ ‘ಜತೆಗೆ’ ಬರುವ ಎಸ್‌ಎಂಪಿಎಸ್ಸಿನ ಮೇಲೆ 500 ವ್ಯಾಟ್ ಎಂದು ಅಚ್ಚಾಗಿದ್ದರೂ ಅದನ್ನು ನಂಬುವ ಹಾಗಿಲ್ಲ. 550ರಿಂದ 650 ವ್ಯಾಟಿನ, 80 ಪ್ಲಸ್ ಬ್ರಾಂಜ್ ಮುದ್ರೆಯ, ಐದು ವರ್ಷ ವಾರಂಟಿ ಇರುವ ಎಸ್‌ಎಂಪಿಎಸ್ಸನ್ನು ಪ್ರತ್ಯೇಕವಾಗಿ ಕೊಳ್ಳಿ. ಬ್ರಾಂಜ್ ಎಂಬುದು ವಿದ್ಯುತ್ತನ್ನು ಎಷ್ಟು ವ್ಯರ್ಥ ಮಾಡುತ್ತದೆ ಎಂಬುದರ ಅಳತೆಯೇ ಹೊರತು ಬಾಳಿಕೆಯ ಪ್ರಮಾಣಪತ್ರವಲ್ಲ. ಬಾಳಿಕೆಯ ಬಗ್ಗೆ ತಯಾರಕರಿಗೆ ಎಷ್ಟು ಧೈರ್ಯವಿದೆ ಎಂಬುದನ್ನು ವಾರಂಟಿಯ ವರ್ಷಗಳೇ ಹೇಳುತ್ತವೆ. ಪಕ್ಕದ ಲೇಬಲಿನಲ್ಲಿ ಇನ್‌ಪುಟ್ ಎಂಬ ಸಾಲನ್ನು ಓದಿ. 200–240 ವೋಲ್ಟ್ ಎಂದಿದ್ದರೆ ಬಿಟ್ಟು, 100–240 ವೋಲ್ಟ್ ಎಂದಿರುವುದನ್ನು ಆರಿಸಿ. ಮನೆಯ ವೋಲ್ಟೇಜ್ 170ಕ್ಕೆ ಇಳಿದ ಸಂಜೆಯೂ ಎರಡನೆಯದು ಕೆಲಸ ಮಾಡುತ್ತದೆ.

ಯುಪಿಎಸ್ಸಿಗೆ ಬರೆದಿರುವ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. 12400 ಪೂರ್ತಿ ದುಡಿಯುವಾಗ 117 ವ್ಯಾಟಿನ ತನಕ, 5060 ಟಿಐ 180 ವ್ಯಾಟಿನ ತನಕ ಎಳೆಯುತ್ತವೆ. ಬೋರ್ಡ್, ಡಿಸ್ಕ್, ಫ್ಯಾನ್, ಮಾನಿಟರ್ ಎಲ್ಲ ಸೇರಿ 80 ವ್ಯಾಟ್ ಎಂದರೂ 377 ಆಯಿತು. ರೆಂಡರಿನ ನಡುವೆ ಕರೆಂಟು ಹೋದರೆ ಯುಪಿಎಸ್ ಕೂಗಿಕೊಳ್ಳುವುದಕ್ಕೂ ಕಂಪ್ಯೂಟರ್ ಆರುವುದಕ್ಕೂ ಅಂತರವೇ ಇರದು. 1000 ಅಥವಾ 1100 ವಿಎ ತೆಗೆದುಕೊಳ್ಳಿ. ಮೂರನೆಯ ಪಿನ್ನಿಗೆ ನಿಜವಾದ ಅರ್ತಿಂಗ್ ಇದೆಯೇ ಎಂದು ವಯರ್‌ಮ್ಯಾನರಿಂದ ಅಳತೆ ಮಾಡಿಸಿ. ಮುರಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ತಿನ ಗುಂಡಿ ಒಣಗಿದರೆ ಅರ್ತಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ತೋಟಕ್ಕೆ ನೀರು ಬಿಡುವಾಗ ಅದಕ್ಕೂ ಒಂದು ಕೊಡ ನೀರು ಹಾಕುವುದನ್ನು ಮರೆಯಬೇಡಿ.

ತಮ್ಮನ ವಿಚಾರಕ್ಕೆ ಹೆಚ್ಚು ಬರೆಯಬೇಕಾಗಿಲ್ಲ. ಮೇಲಿನ ಯಂತ್ರದಲ್ಲಿ 1440ಪಿ ಮಾನಿಟರಿನ ಮೇಲೆ ಈಗಿನ ಹೆಚ್ಚಿನ ಗೇಮುಗಳು ಚೆನ್ನಾಗಿ ನಡೆಯುತ್ತವೆ. ವ್ಯಾಲರಂಟ್ ಆಡುವವನಾದರೆ ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಬೇಕು. ಎರಡನ್ನೂ ಬಯೋಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ) ಚಾಲೂ ಮಾಡಿಕೊಳ್ಳಲಿ. ಮಾನಿಟರ್ ಐಪಿಎಸ್ ಪರದೆಯದ್ದಾಗಿದ್ದು ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ತಿ ತೋರಿಸುವಂತಿರಲಿ, 27 ಇಂಚು ಸಾಕು. ಅದರ ವಯರನ್ನು ಸಿಕ್ಕಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೆ. ಎಫ್ ಇಲ್ಲದ ಪ್ರೊಸೆಸರಿನಲ್ಲಿ ಬೋರ್ಡಿಗೆ ಸಿಕ್ಕಿಸಿದರೂ ಚಿತ್ರ ಬರುವುದರಿಂದ, ಕಾರ್ಡನ್ನು ಸುಮ್ಮನೆ ಕೂರಿಸಿ ಗೇಮ್ ನಿಧಾನವಾಗಿದೆಯೆಂದು ದೂರುವವರು ಇದ್ದಾರೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ 60ರಲ್ಲಿಯೇ ಉಳಿದಿದೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಪರಿಚಯದವರೊಬ್ಬರು ಐ7-13700ಕೆ ಪ್ರೊಸೆಸರ್ ಮತ್ತು 10 ಜಿಬಿಯ ಆರ್‌ಟಿಎಕ್ಸ್ 3080 ಕಾರ್ಡ್ ಇರುವ ತಮ್ಮ ಕಂಪ್ಯೂಟರನ್ನು ಹೊಸದರ ಅರ್ಧ ಬೆಲೆಗೆ ಕೊಡುತ್ತಾರೆ. ಎಡಿಟಿಂಗಿಗೂ ಗೇಮಿಗೂ ಆಗುತ್ತದೆಯೇ?
– ಓದುಗರು, ಮುಳ್ಳೇರಿಯ

ಉತ್ತರ: ಶಕ್ತಿಯಲ್ಲಿ ಏನೂ ಕೊರತೆಯಿಲ್ಲ, ಹಳಮೆಯಲ್ಲಿ ಎರಡು ಅಪಾಯಗಳಿವೆ. ಇಂಟೆಲಿನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಚಿಪ್ ಕ್ರಮೇಣ ಹಾಳಾಗುವ ದೋಷವಿರುವುದನ್ನು 2024ರಲ್ಲಿ ಕಂಪೆನಿಯೇ ಒಪ್ಪಿಕೊಂಡು, ಬಯೋಸ್ ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ. ಆಗಿಹೋದ ಹಾನಿಯನ್ನು ಅಳಿಸುವುದಿಲ್ಲ. ಆದುದರಿಂದ ಮೂಲ ಬಿಲ್ಲು, ಪೆಟ್ಟಿಗೆ, ಸೀರಿಯಲ್ ನಂಬರು ಮೂರೂ ಸಿಕ್ಕಿದರೆ ಮಾತ್ರ ಮಾತುಕತೆಗೆ ಕೂರಿ. ಬಯೋಸ್ ಹೊಸದು ಹಾಕಿಸಿ, ನಿಮ್ಮ ಸ್ವಂತ ಕ್ಲಿಪ್ಪುಗಳ ಒಂದು ಗಂಟೆಯ ರೆಂಡರನ್ನು ಅವರ ಮನೆಯಲ್ಲಿಯೇ ಓಡಿಸಿ ನೋಡಿ. ಒಮ್ಮೆ ಕ್ರ್ಯಾಶ್ ಆದರೂ ಎದ್ದು ಬನ್ನಿ. 2020ರ 3080 ಕಾರ್ಡ್ 320 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್ 253 ವ್ಯಾಟಿನ ತನಕ ಹೋಗಬಲ್ಲದು. ಕೊಳ್ಳುವಾಗ ಉಳಿದ ಹಣದಲ್ಲಿ ಒಂದು ಪಾಲು ದೊಡ್ಡ ಯುಪಿಎಸ್ಸಿಗೂ ಕರೆಂಟ್ ಬಿಲ್ಲಿಗೂ ಹೋಗುವುದು ಖಂಡಿತ. 4:2:2 ಫೈಲುಗಳನ್ನು ಈ ಕಾರ್ಡ್ ಓದದಿದ್ದರೂ, ಎಫ್ ಇಲ್ಲದ ಪ್ರೊಸೆಸರಾದುದರಿಂದ ಎಚ್.265ರವನ್ನು ಕ್ವಿಕ್ ಸಿಂಕ್ ನಿಭಾಯಿಸುತ್ತದೆ.

ಪ್ರಶ್ನೆ: ಬಿಡಿಭಾಗಗಳನ್ನು ಮಂಗಳೂರಿನಲ್ಲಿ ಕೊಳ್ಳುವುದು ಲೇಸೋ, ಕಾಸರಗೋಡಿನಲ್ಲಿಯೋ, ಆನ್‌ಲೈನಿನಲ್ಲಿಯೋ? ಗಡಿ ದಾಟಿದರೆ ತೆರಿಗೆ ಬೇರೆಯೇ?
– ಓದುಗರು, ಮಂಜೇಶ್ವರ

ಉತ್ತರ: 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತಲಪಾಡಿಯ ಆಚೆಗೂ ಈಚೆಗೂ ಕಂಪ್ಯೂಟರ್ ಬಿಡಿಭಾಗಗಳಿಗೆ ಒಂದೇ ದರ, ನೂರಕ್ಕೆ 18. ತೆರಿಗೆಯ ಚಿಂತೆ ಬೇಡ. ರ‍್ಯಾಮ್, ಎಸ್‌ಎಸ್‌ಡಿ, ಪ್ರೊಸೆಸರುಗಳು ಕೆಡುವುದು ಅಪರೂಪ. ಅವನ್ನು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಿ. ಪ್ರೊಸೆಸರನ್ನು ಮಾತ್ರ ಕಂಪೆನಿಯ ಪೆಟ್ಟಿಗೆಯಲ್ಲಿ ಇರುವುದನ್ನೇ ಕೇಳಿ, ಬಿಡಿಯಾಗಿ ಮಾರುವ ‘ಟ್ರೇ’ ಮಾಲು ಬೇಡ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್‌ಗಳನ್ನು ಕೆಟ್ಟ ದಿನ ಬಸ್ಸಿನಲ್ಲಿ ಹೋಗಿ ಮೇಜಿನ ಮೇಲೆ ಇಟ್ಟು ಬರಬಹುದಾದ ಅಂಗಡಿಯಲ್ಲಿ ಕೊಳ್ಳಿ. ಮಂಜೇಶ್ವರದವರಿಗೆ ಅದು ಮಂಗಳೂರೇ. ಬಿಲ್ಲಿನಲ್ಲಿ ಪ್ರತಿ ಬಿಡಿಭಾಗದ ಹೆಸರೂ ಸೀರಿಯಲ್ ನಂಬರೂ ಬೇರೆ ಬೇರೆಯಾಗಿ ಬರೆದಿರಬೇಕು. ‘ಅಸೆಂಬಲ್ಡ್ ಕಂಪ್ಯೂಟರ್ – 1’ ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲು ವಾರಂಟಿಯ ಸಮಯದಲ್ಲಿ ಕೈಕೊಡುತ್ತದೆ.

ಪ್ರಶ್ನೆ: ವಾಟರ್ ಕೂಲಿಂಗ್ ಬೇಕೇ?
– ಓದುಗರು, ಕುಂಬಳೆ

ಉತ್ತರ: ಮೇಲೆ ಹೇಳಿದ ಐ5ಕ್ಕೆ ಬೇಡ. ಪೆಟ್ಟಿಗೆಯ ಜತೆ ಬರುವ ಕೂಲರಿನಲ್ಲಿ ನಡೆಯುತ್ತದೆ. ಗಂಟೆಗಟ್ಟಲೆ ರೆಂಡರ್ ಮಾಡುವವರು ಒಂದು ಸಾಧಾರಣ ಟವರ್ ಕೂಲರ್ ಹಾಕಿಸಿಕೊಂಡರೆ ಸದ್ದು ಕಡಿಮೆಯಾಗುತ್ತದೆ. ಮುಂಭಾಗ ಪೂರ್ತಿ ಗಾಜಿನದ್ದಾಗಿರುವ ಕ್ಯಾಬಿನೆಟ್ ಬಿಟ್ಟು ಜಾಲರಿಯದ್ದನ್ನು ತೆಗೆದುಕೊಳ್ಳಿ, ಗಾಳಿ ಒಳಗೆ ಹೋಗಲು ದಾರಿ ಬೇಕಲ್ಲ.

ಪ್ರಶ್ನೆ: ಪತ್ತನಾಜೆ ಕಳೆದರೆ ನಮಗೆ ಚಿತ್ರೀಕರಣದ ಕೆಲಸ ಇಲ್ಲ. ಮಳೆಗಾಲದ ಮೂರು ತಿಂಗಳು ಕಂಪ್ಯೂಟರನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡಬಹುದೇ?
– ಓದುಗರು, ಪೆರ್ಲ

ಉತ್ತರ: ಕಟ್ಟಿ ಇಡಬೇಡಿ. ಒಳಗೆ ಸಿಕ್ಕಿಬಿದ್ದ ತೇವ ಹೊರಗೆ ಹೋಗದೆ ಫ್ಯಾನಿನ ಬೇರಿಂಗಿನಲ್ಲಿಯೂ ರ‍್ಯಾಮಿನ ಚಿನ್ನದ ಬಣ್ಣದ ಅಂಚಿನಲ್ಲಿಯೂ ಕೂರುತ್ತದೆ. ಮೊದಲು ಒಣಗಿದ ಬ್ರಷ್ಷಿನಿಂದ ಕೆಂಪು ಧೂಳನ್ನೆಲ್ಲ ತೆಗೆಯಿರಿ, ಏಕೆಂದರೆ ತೇವವನ್ನು ಹಿಡಿದಿಟ್ಟುಕೊಳ್ಳುವುದು ಆ ಧೂಳೇ. ನೆಲದಿಂದ ಎತ್ತಿ ಮೇಜಿನ ಮೇಲೆ, ಗೋಡೆಗೆ ತಾಗದಂತೆ ಇಟ್ಟು ಹತ್ತಿ ಬಟ್ಟೆ ಮುಚ್ಚಿ. ವಾರಕ್ಕೊಮ್ಮೆ, ಗುಡುಗು ಇಲ್ಲದ ಹೊತ್ತಿನಲ್ಲಿ, ಬಟ್ಟೆ ತೆಗೆದು ಅರ್ಧ ಗಂಟೆ ಚಾಲೂ ಮಾಡಿ. ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಬಳಿಕ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡಿ, ಇಂಟರ್‌ನೆಟ್ಟಿನ ವಯರನ್ನೂ ಬಿಡಿಸಿ, ಸಿಡಿಲಿಗೆ ಅದೂ ಒಂದು ದಾರಿ. ಹೀಗೆ ಪ್ಲಗ್ ಕಿತ್ತಿಟ್ಟ ಅವಧಿಯಲ್ಲಿ ಮದರ್‌ಬೋರ್ಡಿನ ಗಡಿಯಾರ ನಡೆಯುವುದು ಸಿಆರ್2032 ಎಂಬ ಬಿಲ್ಲೆಯಂಥ ಬ್ಯಾಟರಿಯಿಂದ. ತಾರೀಕು ತಪ್ಪಿ ತೋರಿಸಿದರೆ ಬೋರ್ಡ್ ಹಾಳಾಯಿತೆಂದು ಹೆದರಬೇಡಿ, ವಾಚ್ ರಿಪೇರಿಯವರಲ್ಲಿ ಆ ಬ್ಯಾಟರಿ ಸಿಗುತ್ತದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಾರ್ಡಿಗಾಗಿ ತೆಗೆದ ತಗಡಿನ ಪಟ್ಟಿಗಳನ್ನು ಎಸೆದಿದ್ದರೆ ಆ ಕಿಂಡಿಗಳನ್ನು ಮುಚ್ಚಿಸಿ. ಒಳಗಿನ ಬೆಚ್ಚನೆಯ ಜಾಗ ಹಲ್ಲಿಗೆ ಬಹಳ ಇಷ್ಟ, ಎಸ್‌ಎಂಪಿಎಸ್ಸಿನ ಒಳಗೆ ಅದು ಹೊಕ್ಕರೆ ಎರಡೂ ಉಳಿಯುವುದಿಲ್ಲ.